ಸರ್ವರಿಗೆ ನುಗ್ಗಿ ಮಾಹಿತಿ ಕದ್ದಿದ್ದಾರೆ: ನಷ್ಟ ಎಷ್ಟು ಎಂದು ಬರೆಯುವುದು ಹೇಗೆ?

ಕಾರ್ಕಳದ ಲೆಕ್ಕದವಳು

ಕಾರ್ಕಳದ ಹತ್ತಿರ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವುದು ನಾನು. ಕಳೆದ ತಿಂಗಳು ನಮ್ಮ ಸರ್ವರಿಗೆ ಯಾರೋ ನುಗ್ಗಿದ್ದಾರೆ. ಬೆಳಿಗ್ಗೆ ಬಂದು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದರೆ ಒಂದು ಕಂಪನಿಯೂ ಕಾಣುವುದಿಲ್ಲ. ಫೋಲ್ಡರಿನಲ್ಲಿದ್ದ ಫೈಲುಗಳ ಹೆಸರಿನ ಕೊನೆಗೆಲ್ಲ ಗೊತ್ತಿಲ್ಲದ ಅಕ್ಷರ ಅಂಟಿಕೊಂಡಿತ್ತು. ದುಡ್ಡು ಕೇಳಿ ಇಂಗ್ಲಿಷಿನಲ್ಲಿ ಒಂದು ಚೀಟಿ, ಅದರೊಳಗೆ ನಮ್ಮ ಕಾಸ್ಟಿಂಗ್ ಶೀಟಿನದ್ದೇ ಫೋಟೊ. ಅಂದರೆ ಬೀಗ ಹಾಕುವ ಮೊದಲೇ ನಕಲು ಮಾಡಿಕೊಂಡಿದ್ದಾರೆ. ಖರೀದಿದಾರರ ಪಟ್ಟಿ, ಯಾರಿಗೆ ಡಬ್ಲ್ಯು 240 ಎಷ್ಟಕ್ಕೆ, ಡಬ್ಲ್ಯು 320 ಎಷ್ಟಕ್ಕೆ (ಎರಡೂ ಗೇರುಬೀಜದ ಗ್ರೇಡ್) ಕೊಡ್ತೇವೆ ಎಂಬ ದರ, ಪೇ ರೋಲ್ ಎಲ್ಲ ಅದೇ ಫೋಲ್ಡರಿನಲ್ಲಿತ್ತು.

ದುಡ್ಡು ಕೊಡಲಿಲ್ಲ. ಹೊರಗಿನ ಡಿಸ್ಕಿನಲ್ಲಿದ್ದ ಬ್ಯಾಕಪ್ ಮೂರು ವಾರ ಹಳೆಯದು. ಆ ಮೂರು ವಾರದ ಬಿಲ್ಲು, ವೌಚರು, ಗೇಟ್ ಪಾಸು ಎಲ್ಲವನ್ನೂ ನಾವು ಮೂವರು ಕೂತು ಮತ್ತೆ ಹೊಡೆದೆವು. ಫ್ಯಾಕ್ಟರಿ ಮಾತ್ರ ನಿಲ್ಲಲಿಲ್ಲ. ಪೀಲಿಂಗ್, ಗ್ರೇಡಿಂಗ್ ಮಾಡುವವರ ತೂಕ ಮೊದಲಿಂದಲೂ ಮೇಸ್ತ್ರಿಯ ಕೈಪುಸ್ತಕದಲ್ಲೇ ಬರೆಯುವುದು, ಹಾಗಾಗಿ ಮಜೂರಿ ತಪ್ಪಲಿಲ್ಲ. ಆದರೆ ಪಣಂಬೂರಿನ ಬಂದರಿಗೆ ಹೋಗಬೇಕಾದ ಒಂದು ಕಂಟೇನರ್ 9 ದಿನ ತಡವಾಯಿತು, ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ತಯಾರಾಗದೆ.

ಈಗ ನನ್ನ ಮಂಡೆಬಿಸಿ ಬೇರೆಯೇ. ಇನ್ಶೂರೆನ್ಸಿನವರಿಗೆ, ಉಡುಪಿಯ ಸೆನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ, ಪಾಲುದಾರರ ಸಭೆಗೆ, ಮೂರಕ್ಕೂ "ಒಟ್ಟು ನಷ್ಟ ಇಷ್ಟು" ಅಂತ ಒಂದು ಅಂಕಿ ಬರೆದುಕೊಡಿ ಅಂತ ಧನಿಗಳು ಹೇಳಿದ್ದಾರೆ. ಅವರ ಲೆಕ್ಕ ಹೀಗೆ: ತಡವಾದ ಕಂಟೇನರ್ 1.1 ಕೋಟಿ, ಹೊಸ ಸರ್ವರ್ 3.4 ಲಕ್ಷ, ಇಪ್ಪತ್ತು ವರ್ಷ ಕಷ್ಟಪಟ್ಟು ಮಾಡಿದ ಖರೀದಿದಾರರ ಪಟ್ಟಿ 50 ಲಕ್ಷ. ಭಾರತದಲ್ಲಿ ಒಂದು ಡೇಟಾ ಕಳವಿಗೆ ಸರಾಸರಿ 19.5 ಕೋಟಿ ನಷ್ಟ ಅಂತ ಪೇಪರಿನಲ್ಲಿ ಬಂದದ್ದನ್ನು ಅವರ ಮಗ ತೋರಿಸಿದ ಮೇಲಂತೂ ಈ 1.63 ಕೋಟಿ ಬರೆದರೂ ಕಡಿಮೆಯೇ ಆಯಿತು ಅನ್ನುವ ಮಾತು. ಅವರು ಮೋಸ ಮಾಡುವವರಲ್ಲ, ನಿಜವಾಗಿಯೂ ಹಾಗೇ ನಂಬಿದ್ದಾರೆ. ಆದರೆ ಆ ಹಾಳೆಯ ಅಡಿಗೆ ಬೀಳುವುದು ನನ್ನ ಸಹಿ. ಇದನ್ನು ಸರಿಯಾಗಿ ಲೆಕ್ಕ ಹಾಕುವ ಕ್ರಮ ಯಾವುದಾದರೂ ಉಂಟಾ?

ಬಂದರು ರಸ್ತೆ ಆಡಿಟರ್

ಕ್ರಮ ಉಂಟು ಮೇಡಂ. ಸಹಿ ಹಾಕುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಮಂಗಳೂರಿನಲ್ಲಿ ಸಿಸ್ಟಮ್ ಆಡಿಟ್ ಮಾಡುವವನು ನಾನು. ಇಂಥ ಹಾಳೆಗಳನ್ನು ಸಾಕಷ್ಟು ನೋಡಿದ್ದೇನೆ. ಒಂದು ಸಾಲು ಉಬ್ಬಿದ್ದು ಗೊತ್ತಾದರೆ ಸಾಕು, ನಷ್ಟ ಪರಿಶೀಲಿಸಲು ಬರುವ ಇನ್ಶೂರೆನ್ಸಿನ ಸರ್ವೇಯರ್ ಉಳಿದ ಹತ್ತು ನಿಜವಾದ ಸಾಲುಗಳನ್ನೂ ನಂಬುವುದಿಲ್ಲ. ಮೂರು ವಾರದ ಬಿಲ್ಲು ಮತ್ತೆ ಹೊಡೆದ ನಿಮ್ಮ ಶ್ರಮಕ್ಕೆ ಬರಬೇಕಾದ ದುಡ್ಡೂ ಅದರ ಜೊತೆಗೇ ಹೋಗುತ್ತದೆ.

ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಕಳ್ಳ ನುಗ್ಗದೇ ಇದ್ದಿದ್ದರೆ ಈ ಖರ್ಚು ಬರುತ್ತಿತ್ತಾ? ಬರುತ್ತಿತ್ತು ಎಂದಾದರೆ ಅದು ನಷ್ಟ ಅಲ್ಲ. ಬರುತ್ತಿರಲಿಲ್ಲ ಎಂದಾದರೆ ಅದಕ್ಕೊಂದು ಕಾಗದ ಹುಡುಕಿ.

ಮೊದಲು ಕಂಟೇನರ್. ಅದು ಹೋಯಿತಲ್ಲ? ದುಡ್ಡು ಬಂತಲ್ಲ, ಅಥವಾ ಬರುತ್ತದಲ್ಲ? ಹಾಗಾದರೆ 1.1 ಕೋಟಿ ನಷ್ಟ ಎಲ್ಲಿಂದ? ಮಾರಾಟ ತಡವಾದದ್ದು ಬೇರೆ, ಮಾರಾಟವೇ ತಪ್ಪಿದ್ದು ಬೇರೆ. ಎಲ್ಲರ ಹಾಳೆಯಲ್ಲೂ ಅತಿ ದೊಡ್ಡ ಸುಳ್ಳು ಅಂಕಿ ಕೂರುವುದು ಇಲ್ಲೇ. ನಿಮಗೆ ಆದದ್ದು 9 ದಿನದ ಬಡ್ಡಿ. ಆ ಸರಕಿನ ಮೇಲೆ ಪ್ಯಾಕಿಂಗ್ ಕ್ರೆಡಿಟ್ (ರಫ್ತಿಗೆ ಮೊದಲು ಬ್ಯಾಂಕ್ ಕೊಡುವ ಸಾಲ) 1 ಕೋಟಿ ಇದ್ದು, ಬ್ಯಾಂಕಿನ ದರ 9% ಎಂದಿಟ್ಟುಕೊಳ್ಳಿ. ದಿನಕ್ಕೆ 2,466 ರೂಪಾಯಿ, 9 ದಿನಕ್ಕೆ ಸುಮಾರು 22,192. ಅದರ ಮೇಲೆ ಯಾರ್ಡಿನವರು ಗ್ರೌಂಡ್ ರೆಂಟ್, ಅಂದರೆ ಕಂಟೇನರ್ ನಿಲ್ಲಿಸಿದ ಬಾಡಿಗೆ, ಹಾಕಿದ್ದರೆ ಅದು, ತಡವಾಯಿತೆಂದು ಖರೀದಿದಾರ ಏನಾದರೂ ಕಡಿದಿದ್ದರೆ ಅದು. ಅಷ್ಟೆ. ಕೋಟಿ ಇದ್ದದ್ದು ಸಾವಿರಕ್ಕೆ ಇಳಿಯಿತು ಅಂತ ಧನಿಗಳಿಗೆ ಬೇಸರವಾಗಬಹುದು, ಆದರೆ ಆ ಸಾವಿರಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕ್ಷಿ ನಿಲ್ಲುತ್ತದೆ.

ಸರ್ವರ್ ವಿಷಯ. ಹಳೆಯದು ಕೆಟ್ಟಿತ್ತಾ? ಇಲ್ಲ ಅಂತ ಕಾಣುತ್ತದೆ. ಡಿಸ್ಕ್ ಮಾತ್ರ ಸಾಕ್ಷಿಗೆಂದು ತೆಗೆದಿಟ್ಟಿದ್ದರೆ ಹೊಸ ಡಿಸ್ಕಿನ ಬೆಲೆ ನಷ್ಟದಲ್ಲಿ ಬರುತ್ತದೆ. 3.4 ಲಕ್ಷದ ಹೊಸ ಸರ್ವರ್, ಫೈರ್‌ವಾಲ್ ಎಲ್ಲ ಸುಧಾರಣೆ, ಅದು ಆಸ್ತಿಯ ಪಟ್ಟಿಗೆ ಹೋಗಬೇಕಾದದ್ದು. ಅಮೆರಿಕದ ಕಂಪ್ಯೂಟರ್ ವಂಚನೆ ಕಾಯ್ದೆಯಲ್ಲಿ ನಷ್ಟಕ್ಕೆ ಕೊಟ್ಟ ವ್ಯಾಖ್ಯಾನ ಓದಿ ನೋಡಿ, ಬಹಳ ಶಿಸ್ತಾಗಿದೆ: ಘಟನೆಗೆ ಸ್ಪಂದಿಸಿದ ಖರ್ಚು, ಹಾನಿ ಎಷ್ಟೆಂದು ನೋಡಿದ ಖರ್ಚು, ವ್ಯವಸ್ಥೆಯನ್ನು ಮೊದಲಿನ ಸ್ಥಿತಿಗೆ ತಂದ ಖರ್ಚು, ಸೇವೆ ನಿಂತದ್ದರಿಂದ ಹೋದ ಆದಾಯ. ಮೊದಲಿನ ಸ್ಥಿತಿಗೆ, ಅದಕ್ಕಿಂತ ಮೇಲಕ್ಕಲ್ಲ.

ಇನ್ನು ಆ 19.5 ಕೋಟಿ. ಅದು ಐಬಿಎಂ ಪ್ರತಿ ವರ್ಷ ಹೊರತರುವ ವರದಿಯ 2024ರ ಅಂಕಿ. 2025ರ ವರದಿಯಲ್ಲಿ ಅದು 22 ಕೋಟಿ ಆಗಿದೆ. ಅಂಕಿ ತಪ್ಪಲ್ಲ, ನಿಮ್ಮದಲ್ಲ ಅಷ್ಟೆ. ಅದರಲ್ಲಿ ಬರುವುದು ಸಾವಿರಗಟ್ಟಲೆ ದಾಖಲೆ ಕಳೆದುಕೊಂಡ ಸಂಸ್ಥೆಗಳು. ಊರಿನ ಸರಾಸರಿ ಆದಾಯ ತೋರಿಸಿ ನಿಮ್ಮ ಐಟಿ ರಿಟರ್ನ್ ತುಂಬಲು ಆಗುತ್ತದಾ? ಮಗನಿಗೆ ಅಷ್ಟು ಹೇಳಿ.

ಮಣಿಪಾಲ ಸಿಸ್ ಅಡ್ಮಿನ್

ಆಡಿಟರ್ ಸರ್ ಹೇಳಿದ್ದು ಸರಿ, ಆದರೆ ದೊಡ್ಡ ಖರ್ಚು ಇರುವುದು ಯಂತ್ರದಲ್ಲಲ್ಲ, ಜನರ ಗಂಟೆಗಳಲ್ಲಿ. ಅದನ್ನು ಯಾರೂ ಬರೆದಿಡುವುದಿಲ್ಲ.

1990ರ ದಶಕದ ಕೊನೆಗೆ ಅಮೆರಿಕದಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಮುಂದೆ ನಿಂತು, ಬೇರೆ ವಿಶ್ವವಿದ್ಯಾಲಯಗಳನ್ನೂ ಸೇರಿಸಿಕೊಂಡು ಐ-ಕ್ಯಾಂಪ್ ಅಂತ ಒಂದು ಅಧ್ಯಯನ ಮಾಡಿದ್ದರು. ಕ್ಯಾಂಪಸ್‌ಗಳಲ್ಲಿ ನಡೆದ 30 ಘಟನೆ ತೆಗೆದುಕೊಂಡು ಯಾರು ಎಷ್ಟು ಗಂಟೆ ಅದರ ಹಿಂದೆ ಕೂತರು ಅಂತ ಒಬ್ಬೊಬ್ಬರನ್ನೇ ಕೇಳಿ, ಸಂಬಳದಿಂದ ಗುಣಿಸಿದರು. ಒಟ್ಟು 10 ಲಕ್ಷ ಡಾಲರಿಗಿಂತ ಸ್ವಲ್ಪ ಮೇಲೆ ಬಂತು. ಅವರ ಕ್ರಮ ಸರಳ, ನಮ್ಮಲ್ಲಿಗೂ ಹೊಂದುತ್ತದೆ: ಗಂಟೆಯ ಸಂಬಳ, ಅದರ ಮೇಲೆ ಸೌಲಭ್ಯಗಳ ಖರ್ಚು, ಮತ್ತೆ ನೆನಪಿನಿಂದ ಹೇಳಿದ ಗಂಟೆಗಳು ನಿಖರ ಇರುವುದಿಲ್ಲವಾದ್ದರಿಂದ ಆಚೆ ಈಚೆ 15% ಬಿಟ್ಟು ಬರೆಯುವುದು.

2001ರಲ್ಲಿ ಕಂಪ್ಯೂಟರ್ ದಾಳಿಗಳನ್ನು ಅಧ್ಯಯನ ಮಾಡುವ ಹನಿನೆಟ್ ಪ್ರಾಜೆಕ್ಟಿನವರು ದಾಳಿಗೆ ಒಳಗಾದ ಒಂದು ಕಂಪ್ಯೂಟರಿನ ಡಿಸ್ಕ್ ಪ್ರತಿಯನ್ನು ಎಲ್ಲರ ಮುಂದಿಟ್ಟು ತನಿಖೆ ಮಾಡಿ ಅಂತ ಸವಾಲು ಹಾಕಿದರು. ಕಳ್ಳ ಒಳಗಿದ್ದದ್ದು ಅರ್ಧ ಗಂಟೆಯಷ್ಟು. ಅದನ್ನು ಬಿಡಿಸಿ ಅರ್ಥಮಾಡಿಕೊಳ್ಳಲು ಒಬ್ಬೊಬ್ಬರಿಗೆ ಸರಾಸರಿ 34 ಗಂಟೆ ಬೇಕಾಯಿತು. ನಿಮ್ಮ ಸರ್ವರ್ ನೋಡಲು ಬಂದವರು ಯಾಕೆ ಅಷ್ಟು ಬಿಲ್ ಹಾಕಿದರು ಅಂತ ಧನಿಗಳು ಕೇಳಿದರೆ ಇದನ್ನು ತೋರಿಸಿ.

ಈಗಲೇ ಮಾಡಬೇಕಾದ ಕೆಲಸ: ಆ ದಿನಗಳಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಹಾಜರಿ ಮೆಷಿನ್‌ನಿಂದ ತೆಗೆಯಿರಿ. ಟ್ಯಾಲಿಯಲ್ಲಿ ಎಡಿಟ್ ಲಾಗ್ ಇದ್ದರೆ ಯಾವ ವೌಚರ್ ಯಾವಾಗ ಹೊಡೆದದ್ದು ಅಂತ ಗೊತ್ತಾಗುತ್ತದೆ. ಎರಡನ್ನೂ ಹೊಂದಿಸಿ. ನೆನಪಿನ ಮೇಲೆ ಬರೆದ ಗಂಟೆಗಿಂತ ಇದು ಎಷ್ಟೋ ಗಟ್ಟಿ. ತಿಂಗಳು ಕಳೆದರೆ ಯಾರಿಗೂ ಎಂತದ್ದೂ ನೆನಪಿರುವುದಿಲ್ಲ.

ಬೈಕಂಪಾಡಿ

ಇಷ್ಟೆಲ್ಲ ಲೆಕ್ಕ ಹಾಕಿ ಎಂತ ಮಾಡುವುದು? ಹೋದದ್ದು ಹೋಯಿತು. ಕಳ್ಳ ಯಾವ ದೇಶದಲ್ಲಿ ಕೂತಿದ್ದಾನೋ. ಬ್ಯಾಕಪ್ ದಿನಾ ತೆಗೆಯುವ ವ್ಯವಸ್ಥೆ ಮಾಡಿ ಮುಂದೆ ಹೋಗಿ ಅಕ್ಕ.

ಕಾರ್ಕಳದ ಲೆಕ್ಕದವಳು

ಬೈಕಂಪಾಡಿಯವರೇ, ಪಾಲಿಸಿಗೆ ಪ್ರೀಮಿಯಂ ಕಟ್ಟಿದ್ದೇವಲ್ಲ, ಸುಮ್ಮನೆ ಬಿಡುವುದು ಹೇಗೆ? ಮತ್ತೆ ಬ್ಯಾಕಪ್‌ಗೆ ಎಷ್ಟು ಖರ್ಚು ಮಾಡಬಹುದು ಅಂತ ಪಾಲುದಾರರು ಕೇಳುವುದೂ ಈ ಅಂಕಿ ನೋಡಿಯೇ.

ಹಾಜರಿ ಮೆಷಿನ್ ಉಂಟು, ತೆಗೆದೆ. ಇಬ್ಬರು ಸಲಹೆ ಕೊಟ್ಟಲ್ಲಿ ಒಂದು ಗೊಂದಲ ಬಂತು. ನಾವು ಮೂವರು ಆಫೀಸ್ ಹೊತ್ತಿನಲ್ಲೇ ಕೂತು ಹೊಡೆದ ಗಂಟೆಗಳಿಗೆ ಕಂಪನಿ ಹೆಚ್ಚು ದುಡ್ಡು ಕೊಟ್ಟಿಲ್ಲ, ಸಂಬಳ ಹೇಗೂ ಕೊಡಬೇಕಿತ್ತು. ಆಡಿಟರ್ ಸರ್ ಹೇಳಿದ ಪ್ರಶ್ನೆ ಹಾಕಿದರೆ ಅದು ನಷ್ಟ ಅಲ್ಲ. ಮಣಿಪಾಲದವರು ಹೇಳಿದಂತೆ ಆದರೆ ಅದೇ ದೊಡ್ಡ ನಷ್ಟ. ಯಾವುದು ಸರಿ?

ಎರಡನೆಯದು, ಖರೀದಿದಾರರ ಪಟ್ಟಿ ಮತ್ತು ದರ. ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಪಟ್ಟಿ ನಮ್ಮಲ್ಲಿ ಈಗಲೂ ಇದೆ, ಎಲ್ಲೂ ಹೋಗಿಲ್ಲ. ಆದರೂ ಕಳೆದುಕೊಂಡಿದ್ದೇವೆ ಅಂತ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮೊನ್ನೆ ಒಬ್ಬ ಹಳೆಯ ಖರೀದಿದಾರರು ಡಬ್ಲ್ಯು 320ಕ್ಕೆ ಕೆಜಿಗೆ 6 ರೂಪಾಯಿ ಕಡಿಮೆ ಮಾಡಿ ಅಂತ ಮೇಲ್ ಹಾಕಿದರು. ನಮ್ಮ ದರಕ್ಕಿಂತ ಸ್ವಲ್ಪವೇ ಕೆಳಗೆ ಬೇರೆಯವರಿಂದ ಕೊಟೇಶನ್ ಬಂದಿದೆಯಂತೆ.

ಬಂದರು ರಸ್ತೆ ಆಡಿಟರ್

ಗಂಟೆಯ ಪ್ರಶ್ನೆಗೆ ಉತ್ತರ, ಎರಡು ಬೇರೆ ಸಾಲು. ಆ ಗಂಟೆಗಳಲ್ಲಿ ನೀವು ಮಾಡಬೇಕಿದ್ದ ಕೆಲಸ ಉಳಿದುಹೋಯಿತು. ಹಾಗಾಗಿ ಅದು ಖಂಡಿತ ನಷ್ಟ, ನನ್ನ ಪ್ರಶ್ನೆಗೂ ವಿರುದ್ಧ ಅಲ್ಲ. ಆದರೆ ಇನ್ಶೂರೆನ್ಸಿನ ಸರ್ವೇಯರ್ ಸಾಮಾನ್ಯವಾಗಿ ಒಪ್ಪುವುದು ಕೈಬಿಟ್ಟು ಹೋದ ದುಡ್ಡು ಮಾತ್ರ. ಆದ್ದರಿಂದ ಓವರ್‌ಟೈಮ್ ಕೂತದ್ದಿದ್ದರೆ ಅದು ಒಂದು ಸಾಲು, ಮಾಮೂಲಿ ಗಂಟೆ ಇನ್ನೊಂದು ಸಾಲು. ಎರಡನ್ನೂ ಕೂಡಿಸಿ ಒಂದು ಮಾಡಬೇಡಿ, ಒಂದೇ ಗಂಟೆಯನ್ನು ಎರಡೂ ಕಡೆ ಹಾಕಲೂಬೇಡಿ.

ಗಂಟೆಯ ದರ ಹೀಗೆ ತೆಗೆಯಿರಿ. ತಿಂಗಳಿಗೆ 18,000 ಸಂಬಳ, 26 ದಿನ, ದಿನಕ್ಕೆ 8 ಗಂಟೆ ಎಂದರೆ 208 ಗಂಟೆ. ಗಂಟೆಗೆ 86.54. ಪಿಎಫ್ 12%, ಇಎಸ್‌ಐ 3.25%, ಬೋನಸ್ 8.33%, ಗ್ರಾಚ್ಯುಟಿ 4.81%, ಒಟ್ಟು 28.39%. ನಿಮ್ಮಲ್ಲಿ ಇವನ್ನೆಲ್ಲ ಪೂರ್ತಿ ಸಂಬಳದ ಮೇಲೆ ಕಟ್ಟುವುದಾದರೆ ಗಂಟೆಗೆ ಸುಮಾರು 111 ರೂಪಾಯಿ. ಓವರ್‌ಟೈಮ್ ದುಪ್ಪಟ್ಟು ಕೊಟ್ಟಿದ್ದರೆ ವೌಚರಿನಲ್ಲಿ ಇದ್ದಷ್ಟು.

ಹೊರಗಿನಿಂದ ಬಂದ ತಂತ್ರಜ್ಞರ ಬಿಲ್ಲಿನಲ್ಲಿ ಜಿಎಸ್‌ಟಿ ತೆಗೆದು ಬರೆಯಿರಿ. ಅದರ ಕ್ರೆಡಿಟ್ ನಿಮಗೆ ಸಿಗುತ್ತದೆ, ಅದು ಖರ್ಚಲ್ಲ.

ಈಗ ಪಟ್ಟಿಯ ಬೆಲೆ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಡೀ ವಿಷಯದ ಗಂಟು ಇಲ್ಲೇ ಇರುವುದು.

1990ರಲ್ಲಿ ಶಿಕಾಗೊದಲ್ಲಿ ಒಂದು ಮೊಕದ್ದಮೆ ನಡೆಯಿತು. ಬೆಲ್‌ಸೌತ್ ಎಂಬ ಟೆಲಿಫೋನ್ ಕಂಪನಿಯ ಕಂಪ್ಯೂಟರಿನಿಂದ 911 ತುರ್ತು ಕರೆ ವ್ಯವಸ್ಥೆಯ ಆಡಳಿತದ ಬಗ್ಗೆ ಇದ್ದ ಒಂದು ಕಡತ ಹೊರಬಂದಿತ್ತು. ಅದನ್ನು ತನ್ನ ಎಲೆಕ್ಟ್ರಾನಿಕ್ ಪತ್ರಿಕೆಯಲ್ಲಿ ಹಾಕಿದ ಒಬ್ಬ ಕಾಲೇಜು ವಿದ್ಯಾರ್ಥಿಯ ಮೇಲೆ ಕೇಸು. ಕಡತದ ಬೆಲೆ 79,449 ಡಾಲರ್ ಅಂತ ಕಂಪನಿ ಹೇಳಿತು. ಆ ಅಂಕಿ ಬಂದದ್ದು ಹೇಗೆ ಅಂದರೆ, ಅದನ್ನು ಬರೆದವರ ಸಂಬಳ, ಟೈಪ್ ಮಾಡಿದವರ ಸಂಬಳ ಮಾತ್ರ ಅಲ್ಲ, ಬರೆಯಲು ಬಳಸಿದ 31,000 ಡಾಲರಿನ ಇಡೀ ಕಂಪ್ಯೂಟರು, ಪ್ರಿಂಟರು, ಸಾಫ್ಟ್‌ವೇರು ಎಲ್ಲ ಕೂಡಿಸಿದ್ದರು. ಕಂಪ್ಯೂಟರ್ ಕಂಪನಿಯಲ್ಲೇ ಇತ್ತು, ಪ್ರಿಂಟರೂ ಅಲ್ಲೇ. ಆಮೇಲೆ ಆ ಹುಡುಗನ ಪರ ವಕೀಲರು, ಹೆಚ್ಚುಕಡಿಮೆ ಅದೇ ಮಾಹಿತಿ ಇರುವ ಪುಸ್ತಿಕೆಯನ್ನು ಟೆಲಿಫೋನ್ ಕಂಪನಿಗಳದ್ದೇ ಒಂದು ಸಂಸ್ಥೆ 13 ಡಾಲರಿಗೆ ಯಾರಿಗೆ ಬೇಕಾದರೂ ಮಾರುತ್ತಿದೆ ಅಂತ ತೋರಿಸಿದರು. ಸರ್ಕಾರ ಕೇಸನ್ನು ಅರ್ಧದಲ್ಲೇ ಕೈಬಿಟ್ಟಿತು.

ನಿಮ್ಮ ಧನಿಗಳ 50 ಲಕ್ಷವೂ ಇದೇ ಜಾತಿಯದ್ದು. ಇಪ್ಪತ್ತು ವರ್ಷದ ಶ್ರಮ ನಿಜ, ಆದರೆ ಪಟ್ಟಿ ಮಾಡಲು ತಗುಲಿದ ಖರ್ಚು ಪಟ್ಟಿ ಕದ್ದದ್ದರಿಂದ ಆದ ನಷ್ಟ ಅಲ್ಲ. ಮಾಹಿತಿ ಕದ್ದರೆ ಮೂಲ ನಿಮ್ಮಲ್ಲೇ ಉಳಿಯುತ್ತದೆ. ಹೋಗುವುದು ಅದು ಇನ್ನೊಬ್ಬರಿಗೆ ಗೊತ್ತಿಲ್ಲ ಎಂಬ ಅನುಕೂಲ. ಆ ಅನುಕೂಲದ ಬೆಲೆ ಕಾಣುವುದು ಮುಂದಿನ ವ್ಯಾಪಾರದ ಲಾಭದಲ್ಲಿ, ಬೇರೆಲ್ಲೂ ಅಲ್ಲ.

ಮೇಲ್ ಹಾಕಿದ ಆ ಖರೀದಿದಾರರನ್ನೇ ತೆಗೆದುಕೊಳ್ಳಿ. ಕಂಟೇನರಿಗೆ 50 ಪೌಂಡಿನ 700 ಡಬ್ಬ, ಅಂದರೆ 15,876 ಕೆಜಿ. ನೀವು 6 ರೂಪಾಯಿ ಇಳಿಸಿಕೊಟ್ಟರೆ 95,256 ಹೋಯಿತು. ಹಾಗಂತ ಅಷ್ಟನ್ನೂ ಕಳ್ಳನ ಮೇಲೆ ಹಾಕಬೇಡಿ. ಅದೇ ವಾರ ಡಬ್ಲ್ಯು 320 ದರ ಮಾರ್ಕೆಟ್ಟಿನಲ್ಲೇ ಎಷ್ಟು ಇಳಿದಿದೆ ನೋಡಿ. ನೀವು ಬೇರೆಯವರಿಗೆ ಮಾರಿದ ಬಿಲ್ಲುಗಳೇ ಹೇಳುತ್ತವೆ. 4 ರೂಪಾಯಿ ಮಾರ್ಕೆಟ್ಟೇ ಇಳಿದಿದ್ದರೆ ಉಳಿದದ್ದು 2 ರೂಪಾಯಿ, ಅಂದರೆ 31,752. ಆ ಮೇಲ್ ಜೋಪಾನ ಮಾಡಿ. ಇಡೀ ಹಾಳೆಯಲ್ಲಿ ಮಾಹಿತಿ ಕಳವಿನಿಂದಲೇ ನಷ್ಟ ಆಯಿತು ಎನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಕಾಗದ ಅದೊಂದೇ. ಮುಂದಿನ ಆರು ತಿಂಗಳು ಇಂಥ ಪ್ರತಿ ಮೇಲನ್ನೂ ತಾರೀಕಿನ ಸಮೇತ ಒಂದು ಫೋಲ್ಡರಿಗೆ ಹಾಕುತ್ತಾ ಹೋಗಿ. ಹಾಳೆಯಲ್ಲಿ "ಇಲ್ಲಿಯವರೆಗೆ ಕಂಡದ್ದು" ಅಂತ ಬರೆಯಿರಿ. ಹಾಗೆ ಬರೆದರೆ ಮುಂದೆ ಸೇರಿಸಲು ದಾರಿ ಉಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಲಿಲ್ಲವಾದರೂ ನಾನು ಬಿಡುವುದಿಲ್ಲ. ಪೇ ರೋಲ್ ಕೂಡ ಹೋಗಿದೆ ಅಂತ ಮೊದಲ ಪ್ಯಾರಾದಲ್ಲೇ ಬರೆದಿದ್ದೀರಿ. ಅದರಲ್ಲಿ ಪೀಲಿಂಗ್‌ಗೆ ಬರುವ ಹೆಂಗಸರ ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಇದ್ದೇ ಇರುತ್ತದೆ. ಎಷ್ಟು ಜನ? 140 ಎಂದಿಟ್ಟರೆ, ಒಬ್ಬೊಬ್ಬರೂ ಬ್ಯಾಂಕಿಗೆ ಹೋಗಿ ವಿಚಾರಿಸಿ ಬರಲು ಅರ್ಧ ದಿನ ರಜೆ ಹಾಕಬೇಕು. ದಿನಕ್ಕೆ 450 ಆದರೆ ಅರ್ಧ ದಿನಕ್ಕೆ 225. ಒಟ್ಟು 31,500. ನಿಮ್ಮ ಪಟ್ಟಿ ಕಳವಿನ ನಷ್ಟದಷ್ಟೇ ದೊಡ್ಡ ಮೊತ್ತ, ಆದರೆ ಅದು ಕಂಪನಿಯ ಹಾಳೆಯಲ್ಲಿ ಎಲ್ಲೂ ಕಾಣುವುದಿಲ್ಲ, ಅವರ ಮನೆಯ ಖರ್ಚಿನಲ್ಲಿ ಕರಗಿಹೋಗುತ್ತದೆ. ಬ್ಯಾಂಕಿನಿಂದ ಅಂತ ಹೇಳಿ ಫೋನ್ ಮಾಡಿ, ಹೆಸರು, ಖಾತೆ ಸಂಖ್ಯೆ ಸರಿಯಾಗಿ ಹೇಳಿ ಒಟಿಪಿ ಕೇಳುವವನಿಗೆ ಯಾರಾದರೂ ಒಬ್ಬರು ಕೊಟ್ಟುಬಿಟ್ಟರೆ ಅವರ ಇಡೀ ಉಳಿತಾಯ. ಅವರಿಗೆ ಹೇಳಿದ್ದೀರಾ? ಹೇಳದಿದ್ದರೆ ನಾಳೆಯೇ ಹೇಳಿ. ಸೈಬರ್ ವಂಚನೆಯ ಸಹಾಯವಾಣಿ 1930 ನಂಬರನ್ನು ಊಟದ ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ತಮ್ಮದಲ್ಲದ ತಪ್ಪಿಗೆ ಖಾತೆಯಿಂದ ದುಡ್ಡು ಹೋದರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು, 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಆಗ ಗ್ರಾಹಕರ ಹೊಣೆ ಸೊನ್ನೆ. ಆದರೆ ಒಟಿಪಿ ತಾವೇ ಕೊಟ್ಟರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರ ಮೇಲೆಯೇ ಬೀಳುತ್ತದೆ. ಈ ವ್ಯತ್ಯಾಸವನ್ನು ಕನ್ನಡದಲ್ಲೂ ತುಳುವಿನಲ್ಲೂ ಕೂರಿಸಿ ಹೇಳಬೇಕು.

ಕೋರ್ಟ್ ರೋಡ್ ಉಡುಪಿ

ವಕೀಲಿ ವೃತ್ತಿಯವನು. ಮೇಲಿನ ಲೆಕ್ಕಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಮೂರು ಕಡೆಗೂ ಒಂದೇ ಅಂಕಿ ಕೊಡಬೇಕಾಗಿಲ್ಲ ಮೇಡಂ, ಆದರೆ ಮೂರೂ ಒಂದೇ ಹಾಳೆಯಿಂದ ಹುಟ್ಟಬೇಕು. ಠಾಣೆಯ ದೂರಿನಲ್ಲಿ ಅಂದಾಜು ಸಾಕು, "ತನಿಖೆ ಮುಂದುವರಿದಂತೆ ಬದಲಾಗಬಹುದು" ಅಂತ ಒಂದು ವಾಕ್ಯ ಸೇರಿಸಿ. ಇನ್ಶೂರೆನ್ಸಿಗೆ ಪಾಲಿಸಿಯಲ್ಲಿ ಹೇಳಿದ ತಲೆಬರಹದ ಕೆಳಗೆ ಬರುವುದು ಮಾತ್ರ. ವ್ಯವಹಾರ ನಿಂತ ನಷ್ಟಕ್ಕೆ ಮೊದಲ ಕೆಲವು ಗಂಟೆ ಲೆಕ್ಕಕ್ಕಿಲ್ಲ ಎಂಬ ಷರತ್ತು ಅಂಥ ಪಾಲಿಸಿಗಳಲ್ಲಿ ಸಾಮಾನ್ಯ, ಓದಿ ನೋಡಿ.

ಮಾಡಿದವರು ಯಾರೆಂದು ಗೊತ್ತಾದರೆ, ಉದಾಹರಣೆಗೆ ಹಳೆಯ ನೌಕರನೋ ಪೈಪೋಟಿಯವರೋ ಎಂದಾದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43ರಡಿ ಪರಿಹಾರ ಕೇಳಬಹುದು. 5 ಕೋಟಿವರೆಗಿನ ಕೇಳಿಕೆ ಕಲಂ 46ರ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಹೋಗುತ್ತದೆ. ಆ ಅಧಿಕಾರಿ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಅವರು ಏನೇನು ನೋಡಬೇಕು ಅಂತ ಕಲಂ 47 ಹೇಳುತ್ತದೆ: ಎದುರಿನವನಿಗೆ ಅನ್ಯಾಯದಿಂದ ಆದ ಲಾಭ ಲೆಕ್ಕಕ್ಕೆ ಸಿಗುವಲ್ಲಿ ಅದು ಎಷ್ಟು, ನಿಮಗಾದ ನಷ್ಟ ಎಷ್ಟು, ಮತ್ತೆ ಮತ್ತೆ ಮಾಡಿದ್ದಾನಾ. ಮೊದಲನೆಯದನ್ನು ಗಮನಿಸಿ. ನಿಮ್ಮ ಖರೀದಿದಾರರಿಗೆ ಕೊಟೇಶನ್ ಕೊಟ್ಟವನು ಆ ಪಟ್ಟಿಯಿಂದಲೇ ಕೊಟ್ಟಿದ್ದು ಅಂತ ಸಾಬೀತಾದರೆ ಅವನು ಗಳಿಸಿದ ಲಾಭವೂ ಲೆಕ್ಕಕ್ಕೆ ಬರುತ್ತದೆ. ಕೇಳುವ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕಾಗುತ್ತದೆ, ಹಾಗಾಗಿ ಉಬ್ಬಿಸಿದ ಅಂಕಿಗೆ ನೀವೇ ದುಡ್ಡು ತೆರುತ್ತೀರಿ.

ಉಬ್ಬಿಸಿದ ಅಂಕಿ ಕೋರ್ಟಿನಲ್ಲಿ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಅಮೆರಿಕದ ಹ್ಯಾಕರ್ ಕೆವಿನ್ ಮಿಟ್ನಿಕ್ ಪ್ರಕರಣ ನೋಡಿ. ತನ್ನ ಸೊಲಾರಿಸ್ ಸಾಫ್ಟ್‌ವೇರಿನ ಮೂಲ ಸಂಕೇತ ನಕಲಾಯಿತು ಅಂತ ಸನ್ ಮೈಕ್ರೋಸಿಸ್ಟಮ್ಸ್ ಹೇಳಿದ ನಷ್ಟ ಸುಮಾರು 8 ಕೋಟಿ ಡಾಲರ್. ಅದು ಆ ಸಾಫ್ಟ್‌ವೇರನ್ನು ಮಾಡಲು ಆದ ಖರ್ಚು. ಎಲ್ಲ ಕಂಪನಿಗಳ ನಷ್ಟಕ್ಕೆ ಒಟ್ಟಾಗಿ 1999ರಲ್ಲಿ ಕೋರ್ಟ್ ಆತ ಕಟ್ಟಬೇಕೆಂದು ಹೇಳಿದ್ದು 4,125 ಡಾಲರ್. ಅವನಿಗೆ ಎಷ್ಟು ಕಟ್ಟುವ ಶಕ್ತಿ ಇದೆ ಎಂಬುದನ್ನೂ ನೋಡಿ ಕೊಟ್ಟ ಅಂಕಿ ಅದು.

ಎಲೆಕ್ಟ್ರಾನಿಕ್ ದಾಖಲೆ ಹಾಜರು ಮಾಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಜಾಗಕ್ಕೆ ಬಂದದ್ದು ಅದು. ತೆಗೆದಿಟ್ಟ ಡಿಸ್ಕನ್ನು ಯಾರೂ ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ವರದಿ ಆಗಿದೆಯಾ? 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು.

ಕೆಲಸದವರ ಮಾಹಿತಿ ಬಗ್ಗೆ ಆಡಿಟರ್ ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕಮಟ್ಟಿನ ರಕ್ಷಣೆ ಮಾಡದವರಿಗೆ 250 ಕೋಟಿವರೆಗೆ ದಂಡ ಹಾಕಬಹುದು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿ. ಅಷ್ಟರೊಳಗೆ ಪೇ ರೋಲನ್ನು ಆ ಫೋಲ್ಡರಿನಿಂದ ಹೊರಗೆ ತನ್ನಿ.

ಕಾರ್ಕಳದ ಲೆಕ್ಕದವಳು

ಎಲ್ಲರಿಗೂ ದೊಡ್ಡ ಉಪಕಾರ. ಹಾಳೆ ಮಾಡಿದೆ. ಧನಿಗಳ ಎದುರು ಕೂತು ಸಾಲು ಸಾಲಾಗಿ ಓದಿ ಹೇಳಿದೆ. ಕಂಟೇನರಿನ ಸಾಲಿನಲ್ಲಿ ತುಂಬ ಹೊತ್ತು ವಾದ ಆಯಿತು. ಆ ಖರೀದಿದಾರರ ದುಡ್ಡು ಬ್ಯಾಂಕಿಗೆ ಬಂದ ಸ್ಟೇಟ್‌ಮೆಂಟ್ ಎದುರಿಗಿಟ್ಟ ಮೇಲೆ ಒಪ್ಪಿದರು.

ಮಾಮೂಲಿ ಗಂಟೆ 310, 34,410. ಓವರ್‌ಟೈಮ್ ವೌಚರ್ 20,770. ತಂತ್ರಜ್ಞರ ಬಿಲ್ ಜಿಎಸ್‌ಟಿ ಬಿಟ್ಟು 68,000. ಬಾಡಿಗೆ ಲ್ಯಾಪ್‌ಟಾಪ್ 12,000. ಡಿಸ್ಕ್ 18,500. ಬ್ಯಾಂಕ್ ಬಡ್ಡಿ 22,192 (ನಮ್ಮದು ನಿಜವಾಗಿಯೂ 9%). ಗ್ರೌಂಡ್ ರೆಂಟ್ 9,400. ಜಿಎಸ್‌ಟಿ ರಿಟರ್ನ್ 6 ದಿನ ತಡವಾದ್ದಕ್ಕೆ ಶುಲ್ಕ, ಬಡ್ಡಿ ಸೇರಿ 921. ಒಟ್ಟು 1,86,193. ಮಾರ್ಕೆಟ್ ಇಳಿತ ನೋಡಿದೆ, 4 ರೂಪಾಯಿಯೇ ಇತ್ತು, ಹಾಗಾಗಿ ದರ ಇಳಿಸಿದ್ದು 31,752 ಬೇರೆ ಹಾಕಿದ್ದೇನೆ. ಎಲ್ಲ ಸೇರಿ 2,17,945. ಹೊಸ ಸರ್ವರ್ ಅಡಿಟಿಪ್ಪಣಿಯಲ್ಲಿ ಮಾತ್ರ.

ಕೆಲಸದವರಿಗೆ ನಿನ್ನೆ ಊಟದ ಹೊತ್ತಿಗೆ ಹೇಳಿದೆವು. ತುಂಬ ಜನ ಹೆದರಿದರು, ಒಬ್ಬರು ಅಲ್ಲೇ ಮಗನಿಗೆ ಫೋನ್ ಮಾಡಿ ಪಾಸ್‌ಬುಕ್ ತರಿಸಿದರು. ಶನಿವಾರ ಬ್ಯಾಂಕಿನವರನ್ನೇ ಫ್ಯಾಕ್ಟರಿಗೆ ಕರೆಸುತ್ತೇವೆ, ಆ ಅರ್ಧ ದಿನದ ಮಜೂರಿ ಕಂಪನಿಯೇ ಕೊಡುತ್ತದೆ ಅಂತ ಧನಿಗಳು ಹೇಳಿದ್ದಾರೆ. ನಮ್ಮಲ್ಲಿ 126 ಜನ. ಅದನ್ನು ಹಾಳೆಗೆ ಸೇರಿಸಬಹುದಾ? ಮತ್ತೆ ಆ 921 ಇನ್ಶೂರೆನ್ಸಿಗೆ ಹೋಗುತ್ತದಾ?

ಬಂದರು ರಸ್ತೆ ಆಡಿಟರ್

ಸೇರಿಸಿ, ಖಂಡಿತ ಸೇರಿಸಿ. ಪೀಸ್ ರೇಟಿನವರಾದ್ದರಿಂದ ಹಿಂದಿನ ವಾರಗಳ ಸರಾಸರಿ ತೆಗೆದು ಅರ್ಧ ದಿನದ್ದು ಕೊಡಿ, ಮಜೂರಿ ರಿಜಿಸ್ಟರಿನಲ್ಲಿ ಬೇರೆ ಕಾಲಂ ಮಾಡಿ ಸಹಿ ತೆಗೆದುಕೊಳ್ಳಿ. "ಮಾಹಿತಿ ಸೋರಿದವರಿಗೆ ತಿಳಿಸಿದ ಖರ್ಚು" ಅಂತ ತಲೆಬರಹ ಹಾಕಿ. ಅಂಥ ಖರ್ಚಿಗೆ ಹೆಚ್ಚಿನ ಸೈಬರ್ ಪಾಲಿಸಿಗಳಲ್ಲಿ ಜಾಗ ಇರುತ್ತದೆ. ಧನಿಗಳಿಗೆ ನನ್ನ ನಮಸ್ಕಾರ ತಿಳಿಸಿ.

921ರಲ್ಲಿ ತಡ ಶುಲ್ಕ ದಿನಕ್ಕೆ 50ರಂತೆ 300, ಉಳಿದದ್ದು ಬಡ್ಡಿ. ಕಾನೂನಿನ ದಂಡ, ಶುಲ್ಕಗಳನ್ನು ಪಾಲಿಸಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಪಾಲುದಾರರ ಹಾಳೆಯಲ್ಲಿ ಇರಲಿ, ಇನ್ಶೂರೆನ್ಸಿನದ್ದರಿಂದ ತೆಗೆಯಿರಿ. ಮಾಮೂಲಿ ಗಂಟೆಯ 34,410ರ ಮುಂದೆ ಆಚೆ ಈಚೆ 15% ಅಂತ ಬರೆಯಲು ಮರೆಯಬೇಡಿ, ಅಂದರೆ ಸುಮಾರು 29,250ರಿಂದ 39,570. ಓವರ್‌ಟೈಮಿಗೆ ಅದು ಬೇಡ, ಅಲ್ಲಿ ವೌಚರ್ ಉಂಟು.